ಎರಡನೇ ಬೆಂಚು, ಕಿಟಕಿ ಪಕ್ಕ

ಹೂವಿನ ಚಕ್ರ ಗೇಟಿನ ಮೇಲಿಂದ ಹಾರಿ ಬೀದಿಗೆ ಬಿತ್ತು. ಅಲ್ಲಿ ಒಂದು ಸುತ್ತು ಉರುಳಿ, ನಿಲ್ಲಿಸಿದ್ದ ಸ್ಕೂಟರಿಗೆ ಬಡಿದು ಮಗುಚಿಕೊಂಡಿತು. ನರ್ಸಮ್ಮ ಅಷ್ಟಕ್ಕೇ ಬಿಡಲಿಲ್ಲ. ಅದನ್ನು ತಂದಿದ್ದ ಗುಮಾಸ್ತನ ಅಂಗಿಗೆ ಕೈ ಹಾಕಿ ಅವನನ್ನೂ ಅದೇ ದಾರಿಯಲ್ಲಿ ನೂಕಿದಳು.

“ಹೋಗಿ ಹೇಳು ನಿಮ್ಮ ಅಧ್ಯಕ್ಷರಿಗೆ! ಅವನ ಹೂವು ಇನ್ನೊಂದ್ಸಲ ಈ ಹೊಸ್ತಿಲ ಹತ್ರ ಬಂದ್ರೆ ಅವನ ಕಾಲು ಮುರೀತೀನಿ. ಜೀವಮಾನವೆಲ್ಲ ಮೂಳೆ ಕೂಡಿಸಿದವಳು ನಾನು. ಎಲ್ಲಿ ಹೊಡೆದ್ರೆ ಮುರಿಯುತ್ತೆ ಅನ್ನೋದೂ ಚೆನ್ನಾಗಿ ಗೊತ್ತು!”

ಗುಮಾಸ್ತ ಎದ್ದು, ಒಂದು ಚಪ್ಪಲಿ ಹುಡುಕಿಕೊಂಡು, ಇನ್ನೊಂದನ್ನು ಬಿಟ್ಟು ಓಡಿದ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ನೆಂಟರು ತಲೆ ಬಗ್ಗಿಸಿ ತಮ್ಮ ತಮ್ಮ ಉಗುರು ನೋಡಿಕೊಂಡರು.

“ಅಕ್ಕಾ, ಸಾಕು ಬಿಡಕ್ಕಾ,” ಎಂದು ತಮ್ಮ ಬಂದು ರಟ್ಟೆ ಹಿಡಿದ. ಬಸ್ಸು ಓಡಿಸುವವನು. ಎಷ್ಟು ದೊಡ್ಡ ಬಸ್ಸನ್ನಾದರೂ ತಿರುಗಿಸುತ್ತಿದ್ದ, ಅಕ್ಕನನ್ನು ಮಾತ್ರ ತಿರುಗಿಸಲು ಅವನ ಕೈಲಾಗುತ್ತಿರಲಿಲ್ಲ. “ಒಳಗೆ ಭಾವ ಮಲಗಿದ್ದಾರೆ. ಇವತ್ತೊಂದು ದಿನ ಸುಮ್ನಿರು.”

“ಮಲಗಿಲ್ಲ ಕಣೋ, ಸತ್ತಿದ್ದಾರೆ. ಇವತ್ತೊಂದು ದಿನ, ಇವತ್ತೊಂದು ದಿನ ಅಂತಲೇ ಇಷ್ಟು ವರ್ಷ ಸುಮ್ನಿದ್ದದ್ದು.”

ಮೇಷ್ಟ್ರು ನಿನ್ನೆ ಮಧ್ಯಾಹ್ನ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದವರು, ಕನ್ನಡಕ ಮೂಗಿನ ಮೇಲಿದ್ದ ಹಾಗೇ ಹೋಗಿಬಿಟ್ಟಿದ್ದರು. ಒಂದು ಕೆಮ್ಮಿಲ್ಲ, ಒಂದು ನರಳಿಕೆಯಿಲ್ಲ. ಅಷ್ಟು ಮೆತ್ತಗೆ ಹೋದದ್ದಕ್ಕೂ ನರ್ಸಮ್ಮನಿಗೆ ಅವರ ಮೇಲೆ ಸಿಟ್ಟಿತ್ತು. ಹೋಗುವಾಗಲಾದರೂ ಒಂದು ಸದ್ದು ಮಾಡಬಾರದಿತ್ತೇ ಈ ಮನುಷ್ಯ?

ಒಳಗೆ ಹೋದಳು. ಪೆಟ್ಟಿಗೆಯಲ್ಲಿ ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮಲಗಿದ್ದರು. ಯಾರೋ ಅವರ ಬಲಗೈಯ ಮೇಲೆ ಹೊದಿಕೆ ಎಳೆದಿದ್ದರು. ಅವಳು ಅದನ್ನು ಕಿತ್ತು ಪಕ್ಕಕ್ಕೆ ಹಾಕಿದಳು. ಮೂರು ಬೆರಳು ಮೂರು ದಿಕ್ಕಿಗೆ ಸೊಟ್ಟಗೆ ಕೂಡಿಕೊಂಡಿದ್ದ ಆ ಕೈಯನ್ನು ಇಡೀ ಊರು ನೋಡಲಿ. ಕೂಡಿಸಿದವಳು ಅವಳೇ. ಜಜ್ಜಿಹೋದ ಮೂಳೆಯನ್ನು ಅದಕ್ಕಿಂತ ನೆಟ್ಟಗೆ ಯಾರೂ ಕೂಡಿಸಲಾರರು.

ಮುರಿದವನೇ ಹೂವು ಕಳಿಸಿದ್ದ. ಊರಿಗೆಲ್ಲ ಅವನು ಈಗ ಅಧ್ಯಕ್ಷರು, ಶಾಲಾ ಸಮಿತಿಯ ಅಧ್ಯಕ್ಷರು, ರಸ್ತೆ ಕಂಟ್ರಾಕ್ಟರು. ನರ್ಸಮ್ಮನಿಗೆ ಮಾತ್ರ ಇಂದಿಗೂ ಜಮಾದಾರ. ನೂಲಿನ ಗಿರಣಿಯ ಕಾವಲುಗಾರರ ಮೇಲಿದ್ದ ಜಮಾದಾರ.

ಅಂಗಳದಲ್ಲಿ ಮೇಷ್ಟ್ರ ಹಳೆಯ ವಿದ್ಯಾರ್ಥಿಗಳು ತುಂಬಿದ್ದರು. ತಲೆ ನರೆತವರಿದ್ದರು, ಮೀಸೆ ಮೂಡದವರಿದ್ದರು. ಇವರೆಲ್ಲ ಮೊದಲಿನಿಂದಲೂ ಬರುತ್ತಿದ್ದವರೇ. ಮದುವೆಗೆ ಕರೆಯಲು, ಕೂಸು ತೋರಿಸಲು, ಕೆಲಸ ಸಿಕ್ಕಿತೆಂದು ಹೇಳಲು. ಬಾರದೆ ಇದ್ದದ್ದು ಒಂದೇ ಒಂದು ತರಗತಿ, ಆ ವರ್ಷದ ಒಂಬತ್ತನೇ ತರಗತಿ. ಮೇಷ್ಟ್ರ ಕೈ ಮುರಿದದ್ದನ್ನು ಕಣ್ಣೆದುರು ಕಂಡ ಮಕ್ಕಳು. ಅವತ್ತಿನಿಂದ ಅವರಲ್ಲಿ ಒಬ್ಬನೂ, ಒಬ್ಬಳೂ ಈ ಮನೆಯ ಮೆಟ್ಟಿಲು ತುಳಿದಿರಲಿಲ್ಲ. ಯಾಕೆ ಎಂದು ಅವಳು ಯಾರನ್ನೂ ಕೇಳಲಿಲ್ಲ. ಕೇಳುವುದೇನಿದೆ? ಮಕ್ಕಳ ಕಣ್ಣಲ್ಲಿ ಗಂಡ ಹೇಡಿಯಾಗಿದ್ದ. ಅವಳ ಕಣ್ಣಲ್ಲೂ ಆಗಿದ್ದ. ಆ ಒಂದು ಮಾತು ಒಳಗೆ ಕೊಳೆತು ಕೊಳೆತು ಈಗ ಸಾವಿನ ದಿನಕ್ಕೆ ಬಂದು ನಿಂತಿತ್ತು. ಆ ಮಕ್ಕಳು ಅವರನ್ನು ಹೇಸಿಕೊಂಡೇ ಇದ್ದುಬಿಟ್ಟರೇ? ಇದೊಂದು ತಿಳಿಯದೆ ಗಂಡನನ್ನು ಮಣ್ಣಿಗೆ ಹಾಕುವುದು ಅವಳಿಗೆ ಆಗುತ್ತಿರಲಿಲ್ಲ.

*

ಪ್ರತಿ ವರ್ಷ ಮೇಷ್ಟ್ರು ಒಂಬತ್ತನೇ ತರಗತಿಯವರಿಂದ ಒಂದು ತಿಂಗಳು ಚರಿತ್ರೆ ಪುಸ್ತಕ ಮುಚ್ಚಿಸುತ್ತಿದ್ದರು.

“ಪುಸ್ತಕ ಬರೆದವನು ಅಲ್ಲಿರಲಿಲ್ಲ ಕಣ್ರೋ. ಇದ್ದವರನ್ನ ಹುಡುಕಿ. ಇದ್ದ ವಸ್ತುವನ್ನ ಹುಡುಕಿ,” ಎಂದು ಮಕ್ಕಳನ್ನು ಬೀದಿಗೆ ಅಟ್ಟುತ್ತಿದ್ದರು. ಗೋಪುರದ ಗಡಿಯಾರ ಯಾಕೆ ನಿಂತಿತು, ಹಳೇ ಸೇತುವೆ ಯಾವಾಗ ಕುಸಿಯಿತು, ಇಂಥವು. ಮಕ್ಕಳು ತಂದದ್ದನ್ನು ಕಪ್ಪುಹಲಗೆಯ ಮೇಲೆ ಮೂರು ಭಾಗ ಮಾಡಿ ಬರೆಸುತ್ತಿದ್ದರು: ಕಂಡದ್ದು, ಕೇಳಿದ್ದು, ಅಂದುಕೊಂಡದ್ದು. ಯಾರು ಏನು ಹೇಳಿದರೂ ಇಡೀ ತರಗತಿ ಒಕ್ಕೊರಲಿನಿಂದ ಮೂರು ಪ್ರಶ್ನೆ ಕೇಳಬೇಕು. ನೀವು ಎಲ್ಲಿದ್ರಿ? ನೀವೇ ಕಂಡ್ರಾ, ಯಾರಾದ್ರೂ ಹೇಳಿದ್ರಾ? ಇನ್ಯಾರು ಇದ್ರು? ಹೆಡ್‌ಮಾಸ್ಟರು ತರಗತಿಗೆ ಬಂದು “ನಾಳೆ ರಜೆ” ಎಂದರೂ ಬಿಡುತ್ತಿರಲಿಲ್ಲ ಪಿಳ್ಳೆಗಳು.

ಆ ವರ್ಷ ಗುಂಗುರು ಕೂದಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಎಲ್ಲರೂ ಅವಳನ್ನು ಗುಂಗುರು ಎಂದೇ ಕರೆಯುತ್ತಿದ್ದರು.

“ಸಾರ್, ನಮ್ಮಮ್ಮ ಗಿರಣಿ ಬೆಂಕೀಲಿ ಸತ್ಲು. ಹಿಂಬಾಗಿಲಿಗೆ ಒಳಗಿಂದ ಅವ್ಳೇ ಚಿಲಕ ಹಾಕ್ಕೊಂಡಿದ್ಲಂತೆ, ನೂಲು ಕದಿಯೋಕೆ. ಅದಕ್ಕೇ ಯಾರೂ ಆಚೆ ಬರೋಕಾಗ್ಲಿಲ್ಲ ಅಂತಾರೆ. ಅದು ನಿಜಾನಾ ಅಂತ ಹುಡುಕ್ಬಹುದಾ?”

ಮೇಷ್ಟ್ರು ಅವತ್ತು ಊಟಕ್ಕೆ ಕೂತು ಇದನ್ನು ಹೇಳಿದರು. ತಟ್ಟೆಯಲ್ಲಿ ಕೈಯಾಡಿಸುತ್ತಿದ್ದರೇ ಹೊರತು ತುತ್ತು ಬಾಯಿಗೆ ಹೋಗುತ್ತಿರಲಿಲ್ಲ.

“ನೀವೇನಂದ್ರಿ?”

“ಹುಡುಕು ಅಂದೆ.”

“ತಲೆ ಕೆಟ್ಟಿದ್ಯಾ ನಿಮಗೆ? ಗಿರಣಿಯವರ ಸಹವಾಸ!”

“ಬೇಡ ಅನ್ನೋಕೆ ಯಾವ ಮುಖ ಇಟ್ಕೊಂಡು ಅನ್ನಲಿ?”

ಮೂರೇ ದಿನಕ್ಕೆ ಗುಂಗುರು ನಾಲ್ಕು ಜನರನ್ನು ಕಟ್ಟಿಕೊಂಡು ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿಗೇ ನುಗ್ಗಿದಳು. ಬೆಂಕಿಯ ದಿನ ನೀವು ಎಲ್ಲಿದ್ರಿ ಎಂದು ನರ್ಸಮ್ಮನನ್ನೇ ಕೇಳಿದಳು. ಅವಳಿಗೆ ಮೊದಲು ಕೋಪ ಬಂತು, ಆಮೇಲೆ ಒಳಗೊಳಗೇ ಖುಷಿಯಾಯಿತು. ಆ ಪ್ರಶ್ನೆಯನ್ನು ಅದುವರೆಗೆ ಯಾವ ಪೊಲೀಸನೂ ಅವಳಿಗೆ ಕೇಳಿರಲಿಲ್ಲ.

“ಇಲ್ಲೇ ಇದ್ದೆ. ಹೆಣಗಳನ್ನ ಈ ಮೇಜಿನ ಮೇಲೆ ಎತ್ತಿಹಾಕಿದ್ದು ನಾನೇ. ಆರು. ಅದ್ರಲ್ಲಿ ನಾಲ್ಕಕ್ಕೆ ಭುಜ ಮುರಿದಿತ್ತು. ಬೆಂಕಿ ಸುಡುತ್ತೆ, ಭುಜ ಮುರಿಯಲ್ಲ. ಬಾಗಿಲಿಗೆ ಗುದ್ದಿ ಗುದ್ದಿ ಮುರ್ಕೊಂಡಿದ್ರು.”

“ಭುಜ ಮುರಿದಿತ್ತು ಅನ್ನೋದು ನೀವು ಕಂಡದ್ದು,” ಎಂದಳು ಗುಂಗುರು. “ಬಾಗಿಲಿಗೆ ಗುದ್ದಿದ್ರು ಅನ್ನೋದು ನೀವು ಅಂದ್ಕೊಂಡದ್ದು. ಬೇರೆ ಬೇರೆ ಬರ್ಕೋತೀವಿ.” ಬರೆದು ಮುಗಿಸಿ ಕೇಳಿದಳು. “ನಮ್ಮಮ್ಮಂದು ಮುರಿದಿತ್ತಾ?”

ಮುರಿದಿತ್ತು. ಹುಡುಗಿ ಅದನ್ನೂ ಬರೆದುಕೊಂಡಳು.

ಬಾಗಿಲು ಸಿಕ್ಕಿದ್ದು ಗುಜರಿ ಅಂಗಡಿಯವನ ಹಿತ್ತಲಲ್ಲಿ. ಚರಂಡಿಯ ಮೇಲೆ ಮುಚ್ಚಳವಾಗಿ ಹಾಸಿದ್ದ. ಮಕ್ಕಳು ಕೆಸರು ತೊಳೆದು ನೋಡಿದರು. ದಪ್ಪ ಕಬ್ಬಿಣದ ತಗಡು ಒಳಗಿನಿಂದ ಹೊರಕ್ಕೆ, ಎದೆಮಟ್ಟದಲ್ಲಿ ನಾಲ್ಕೈದು ಕಡೆ ಉಬ್ಬಿತ್ತು. ಚಿಲಕವಿದ್ದದ್ದು ಹೊರಗಡೆ. ಬಾಗಿದ ಸರಳು ಇನ್ನೂ ಅದರಲ್ಲೇ ಸಿಕ್ಕಿಕೊಂಡಿತ್ತು. ಎಲ್ಲರೂ ಸೇರಿ ಬಾಗಿಲನ್ನು ತಳ್ಳುಗಾಡಿಯ ಮೇಲೆ ಹೇರಿ, ಹಾಡುಹಗಲೇ ಪೇಟೆಯ ನಡುವೆ ತಳ್ಳಿಕೊಂಡು ಶಾಲೆಗೆ ತಂದು, ಕಪ್ಪುಹಲಗೆಯ ಪಕ್ಕ ಒರಗಿಸಿದರು. ಮೇಷ್ಟ್ರು ಮಾಡಿದ ತಪ್ಪೆಂದರೆ ಅದೇ. ಅಷ್ಟು ದೊಡ್ಡ ಸಾಕ್ಷಿಯನ್ನು ಮರೆಮಾಡಿ ತರಬೇಕೆಂದು ಚರಿತ್ರೆಯ ಮೇಷ್ಟ್ರಿಗೆ ಹೊಳೆಯಲೇ ಇಲ್ಲ.

*

“ಅಕ್ಕಾ, ಗಾಡಿ ಬಂತು,” ಎಂದ ತಮ್ಮ. ಆಮೇಲೆ ದನಿ ತಗ್ಗಿಸಿ, “ಎದುರುಗಡೆ ನೋಡು. ಆಗ್ಲಿಂದ ನಿಂತಿದ್ದಾರೆ, ಒಳಗೂ ಬರ್ತಿಲ್ಲ, ಹೋಗ್ತಾನೂ ಇಲ್ಲ,” ಎಂದ.

ರಸ್ತೆಯಾಚೆ ಮುಚ್ಚಿದ ಅಂಗಡಿಯ ಮುಂದೆ ಇಪ್ಪತ್ತು ಜನವಾದರೂ ಇದ್ದರು. ನಲವತ್ತರ ಅಂಚಿನ ಗಂಡಸರು, ಹೆಂಗಸರು. ಮುಂದೆ ನಿಂತವಳ ಗುಂಗುರು ಕೂದಲು ಅರ್ಧ ನರೆತಿತ್ತು. ನರ್ಸಮ್ಮ ಅವಳ ಗುರುತು ಹಿಡಿದಳು. ಅದರ ಬೆನ್ನಿಗೇ ಸಿಟ್ಟು ನೆತ್ತಿಗೇರಿತು. ಬರಿಗಾಲಲ್ಲೇ ರಸ್ತೆ ದಾಟಿದಳು.

“ಈಗ ಬಂದ್ರಾ? ಸತ್ತದ್ದು ಖಾತ್ರಿ ಮಾಡ್ಕೊಳ್ಳೋಕೆ ಬಂದ್ರಾ? ಬದುಕಿದ್ದಾಗ ಒಂದಿನ ಬಂದು ‘ಸಾರ್, ಹೇಗಿದ್ದೀರಿ’ ಅನ್ನೋಕೆ ನಿಮ್ಮ ನಾಲಿಗೆ ಬಿದ್ದುಹೋಗಿತ್ತಾ?”

ಗುಂಗುರು ತಲೆ ತಗ್ಗಿಸಲಿಲ್ಲ. “ಮಣ್ಣಿಗೆ ಬರ್ತೀವಿ, ಅಮ್ಮ. ಮನೆಗೆ ಬರೋ ಹಾಗಿಲ್ಲ.”

“ಯಾಕೆ? ನಮ್ಮನೇಲಿ ಕುಷ್ಠ ಹತ್ತಿದ್ಯಾ?”

“ಅಲ್ಲಿ ಹೇಳ್ತೀವಿ,” ಎಂದ ಪಕ್ಕದಲ್ಲಿದ್ದ ಕುಳ್ಳ. ಲಾರಿ ಓಡಿಸುವವನು, ಹೆಸರಿಗೆ ತಕ್ಕ ಹಾಗೇ ಗುಂಗುರಿನ ಭುಜಕ್ಕೂ ಬರುತ್ತಿರಲಿಲ್ಲ. “ಎಲ್ಲರ ಮುಂದೇನೇ ಹೇಳ್ಬೇಕು.”

ಏನು ಹೇಳುತ್ತಾರೆ? ನಿಮ್ಮ ಗಂಡ ಹೇಡಿ ಎಂದೇ? ಅದನ್ನು ಗುಂಡಿಯ ಬಾಯಲ್ಲಿ ನಿಂತು ಕೇಳಬೇಕೇ ನಾನು? ಅವಳ ಕೈ ತಾನಾಗಿ ಮೇಲೆದ್ದಿತು. ತಮ್ಮ ಓಡಿಬಂದು ಹಿಡಿದುಕೊಳ್ಳದಿದ್ದರೆ ಗುಂಗುರಿನ ಕೆನ್ನೆಗೆ ಬಿದ್ದೇ ಬೀಳುತ್ತಿತ್ತು.

*

ಕೈ ಮುರಿದ ಆ ದಿನ ತಳ್ಳುಗಾಡಿ ಆಸ್ಪತ್ರೆಯ ಬಾಗಿಲಿಗೆ ಬಂದಾಗ ನರ್ಸಮ್ಮ ಯಾರದೋ ಕಾಲಿಗೆ ಪಟ್ಟಿ ಸುತ್ತುತ್ತಿದ್ದಳು. ಗಾಡಿಯ ಮೇಲೆ ಮಲಗಿದ್ದವರ ಚಪ್ಪಲಿ ನೋಡಿ ಗುರುತು ಹಿಡಿದಳು. ಸುತ್ತ ಮಕ್ಕಳು.

ಮೇಷ್ಟ್ರ ಬಲಗೈಯ ಮೂರು ಬೆರಳು ಜಜ್ಜಿಹೋಗಿದ್ದವು. ತೋರುಬೆರಳಿನ ಮೂಳೆ ಚರ್ಮ ಹರಿದು ಆಚೆ ಬಂದಿತ್ತು. ಆವತ್ತು ಆಸ್ಪತ್ರೆಯಲ್ಲಿ ಮರಗಟ್ಟಿಸುವ ಮದ್ದು ಮುಗಿದಿತ್ತು. ಟವೆಲ್ಲನ್ನು ಮಡಿಸಿ ಗಂಡನ ಬಾಯಿಗೆ ಕೊಟ್ಟು, ಅವರ ಮೊಣಕೈಯನ್ನು ತನ್ನ ಮಂಡಿಯ ಕೆಳಗೆ ಒತ್ತಿ ಹಿಡಿದು, ಒಂದೊಂದೇ ಬೆರಳನ್ನು ಎಳೆದು ಕೂಡಿಸಿದಳು. ಅವರ ಹಲ್ಲಿಗೆ ಸಿಕ್ಕಿ ಟವೆಲ್ಲು ಹರಿಯಿತು. ಅವರು ಕೂಗಲಿಲ್ಲ.

ಆಮೇಲೆ ಪೊಲೀಸರು ಬಂದರು.

“ಏನಾಯ್ತು ಮೇಷ್ಟ್ರೇ?”

“ಏಣಿಯಿಂದ ಬಿದ್ದೆ,” ಎಂದರು ಮೇಷ್ಟ್ರು.

ನರ್ಸಮ್ಮನ ಕೈಯಲ್ಲಿದ್ದ ಬಟ್ಟಲು ನೆಲಕ್ಕೆ ಬಿತ್ತು. ಜಮಾದಾರ ಇನ್ನಿಬ್ಬರನ್ನು ಕರೆದುಕೊಂಡು ಶಾಲೆಗೆ ನುಗ್ಗಿದ್ದನ್ನು ಆಗಲೇ ಇಡೀ ಬೀದಿ ಮಾತಾಡಿಕೊಳ್ಳುತ್ತಿತ್ತು. ಬಾಗಿಲಾಚೆ ಮಕ್ಕಳು ಸಾಲಾಗಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಕಂಡದ್ದನ್ನೇ ಹೇಳಿ ಎಂದು ತಿಂಗಳೆಲ್ಲ ಕಲಿಸಿದ ಬಾಯಿ ಅವರೆದುರೇ ಏಣಿಯಿಂದ ಬಿತ್ತು. ಪೊಲೀಸರು ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಗಿರಣಿಯ ಬಾಗಿಲು ಶಾಲೆಯಿಂದ ಮಾಯವಾಯಿತು, ಕರಗಿಸಿಬಿಟ್ಟರೆಂದು ಸುದ್ದಿ ಬಂತು.

ಮನೆಗೆ ಬಂದ ಮೇಲೆ ಅವಳು ಒಂದೇ ಒಂದು ಮಾತು ಆಡಿದಳು. “ಹೇಡಿ.” ಮೇಷ್ಟ್ರು ಎಡಗೈಯಲ್ಲಿ ಊಟ ಮಾಡುವುದನ್ನು ಅಭ್ಯಾಸ ಮಾಡುತ್ತಿದ್ದರು. ತುತ್ತು ತಟ್ಟೆಗೇ ಜಾರಿತು. ಅದನ್ನು ಮತ್ತೆ ಎತ್ತಿಕೊಂಡರು.

*

ಸ್ಮಶಾನದಲ್ಲಿ ಗುಂಡಿ ತೋಡಿ ಮಣ್ಣನ್ನು ಎರಡೂ ಕಡೆ ಒಟ್ಟಿದ್ದರು. ಮುಚ್ಚಳ ಹಾಕದ ಪೆಟ್ಟಿಗೆಯನ್ನು ಗುಂಡಿಯ ಅಂಚಿಗೆ ಇಳಿಸುವ ಹೊತ್ತಿಗೆ ಎರಡು ಕಾರು ಬಂದು ನಿಂತವು. ಜಮಾದಾರ ಇಳಿದ. ಅರವತ್ತು ದಾಟಿದರೂ ಕತ್ತು ಎಮ್ಮೆಯದರಂತೆ ದಪ್ಪಗಿತ್ತು. ಬೆನ್ನಿಗೆ ಐದಾರು ಆಳುಗಳು. ಶಾಲೆಯ ಈಗಿನ ಹೆಡ್‌ಮಾಸ್ಟರು ಹಲ್ಲುಗಿಂಜುತ್ತಾ ದಾರಿ ಬಿಡಿಸಿದರು. “ಅಧ್ಯಕ್ಷರು ಎರಡು ಮಾತಾಡ್ತಾರೆ.”

ನರ್ಸಮ್ಮ ಮುಂದಕ್ಕೆ ಹೆಜ್ಜೆ ಹಾಕಿದಳು. ತಮ್ಮ ಅವಳ ಸೊಂಟವನ್ನೇ ತಬ್ಬಿ ಹಿಡಿದ. ಬಸ್ಸಿನ ಸ್ಟೀರಿಂಗು ಹಿಡಿದು ಗಟ್ಟಿಯಾದ ಕೈ, ಈ ಸಲ ಬಿಡಲಿಲ್ಲ.

“ಮೇಷ್ಟ್ರು ಅಂದ್ರೆ ನಮ್ಮೂರಿನ ಆಸ್ತಿ,” ಎಂದು ಶುರುಮಾಡಿದ ಜಮಾದಾರ. “ಆವತ್ತು ಏಣಿಯಿಂದ ಬಿದ್ದಾಗ ನಾನೇ ಅವರನ್ನ ಎತ್ಕೊಂಡು ಆಸ್ಪತ್ರೆಗೆ ಓಡಿದ್ದೆ. ದಾರೀಲಿ ನನ್ನ ಕೈ ಹಿಡ್ಕೊಂಡು ಒಂದು ಮಾತಂದ್ರು. ‘ಆ ಹಿಂಬಾಗಿಲ ವಿಷಯದಲ್ಲಿ ಮಕ್ಕಳಿಗೆ ತಪ್ಪು ದಾರಿ ತೋರಿಸ್ಬಿಟ್ಟೆ, ಗಿರಣಿಯವರದು ಏನೂ ತಪ್ಪಿರ್ಲಿಲ್ಲ’ ಅಂತ. ಎಂಥ ದೊಡ್ಡ ಮನಸ್ಸು ನೋಡಿ! ಶಾಲೆಯ ಹೊಸ ಕಟ್ಟಡಕ್ಕೆ ಅವರದೇ ಹೆಸರಿಡ್ತೀವಿ. ಈ ಮಾತನ್ನೂ ಕಲ್ಲಲ್ಲಿ ಕೆತ್ತಿಸಿ ಗೋಡೆಗೆ ಹಾಕಿಸ್ತೀನಿ.”

ಅಯ್ಯೋ, ಕಲ್ಲಲ್ಲಿ! ಸತ್ತ ಮೇಲೂ ಬಿಡಲಿಲ್ಲವಲ್ಲ ಈ ಪಾಪಿ! ನರ್ಸಮ್ಮ ತಮ್ಮನ ಹಿಡಿತದಲ್ಲಿ ಕೊಸರಾಡಿದಳು.

“ಆಗ ನೀವು ಎಲ್ಲಿದ್ರಿ?”

ಹಿಂದಿನಿಂದ ಬಂದ ದನಿ. ಕುಳ್ಳನದು. ಜಮಾದಾರ ಮಾತು ನಿಲ್ಲಿಸಿದ.

“ನೀವೇ ಕೇಳಿಸ್ಕೊಂಡ್ರಾ, ಯಾರಾದ್ರೂ ಹೇಳಿದ್ರಾ?” ಈ ಸಲ ಹತ್ತಿಪ್ಪತ್ತು ದನಿ ಕೂಡಿದವು. ನರೆತ ತಲೆಗಳೂ ಮೀಸೆ ಮೂಡದವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದು ಅವರೆಲ್ಲರಿಗೂ ಬಾಯಿಪಾಠ. ಮೂರನೆಯದನ್ನು ಇಡೀ ಸ್ಮಶಾನವೇ ಕೂಗಿತು.

“ಇನ್ಯಾರು ಇದ್ರು?”

“ಏನ್ರೀ ಇದು, ಹೆಣದ ಮುಂದೆ ಹುಡುಗಾಟ!” ಎಂದು ಹೆಡ್‌ಮಾಸ್ಟರು ಬಡಬಡಿಸಿದರು.

ಅಷ್ಟರಲ್ಲಿ ಗುಂಗುರು ಪೆಟ್ಟಿಗೆಯ ತಲೆಯ ಕಡೆ ಬಂದು ನಿಂತಿದ್ದಳು. ಅವಳ ಹಿಂದೆ ಆ ತರಗತಿಯವರೆಲ್ಲ.

“ಈ ಅಧ್ಯಕ್ಷರು ಹೇಳಲ್ಲ, ನಾವು ಹೇಳ್ತೀವಿ. ನಾನು ಎರಡನೇ ಬೆಂಚು, ಕಿಟಕಿ ಪಕ್ಕ. ಇವರು ಇನ್ನಿಬ್ಬರ ಜೊತೆ ತರಗತಿಗೆ ಬಂದ್ರು. ‘ಯಾವ ಕೈಲಿ ಬರೀತೀಯಾ’ ಅಂತ ಮೇಷ್ಟ್ರನ್ನ ಕೇಳಿದ್ರು. ಮೇಷ್ಟ್ರು ಬಲಗೈ ತೋರಿಸಿದ್ರು. ಕಂಡದ್ದು.”

“ನಾನು ಮುಂದಿನ ಬೆಂಚು,” ಎಂದ ಕುಳ್ಳ. “ಆ ಇಬ್ಬರು ಮೇಷ್ಟ್ರ ಕೈಯನ್ನ ಕಬ್ಬಿಣದ ಬಾಗಿಲಿನ ಅಂಚಿನ ಮೇಲಿಟ್ಟು ಹಿಡಿದ್ರು. ಚಿಲಕದ ಸರಳು ಕಿತ್ತು ಹೊಡೆದದ್ದು ಇವರೇ. ರಕ್ತ ನನ್ನ ಅಂಗಿ ಮೇಲೆ ಹಾರಿತು. ಕಂಡದ್ದು.”

“ನಾನು ಕೊನೇ ಬೆಂಚು,” ಎಂದಳು ದಪ್ಪಗಿನ ಹೆಂಗಸೊಬ್ಬಳು. “ಕಣ್ಣು ಮುಚ್ಕೊಂಡುಬಿಟ್ಟಿದ್ದೆ. ಏನೂ ನೋಡ್ಲಿಲ್ಲ. ಏಟಿನ ಸದ್ದು ಮಾತ್ರ. ಮೂರು. ಕೇಳಿದ್ದು.”

“ತರಗತಿ ಬಾಗಿಲ ಹತ್ರ ಇದ್ದೆ ನಾನು,” ಎಂದ ಇನ್ನೊಬ್ಬ. “ಹೋಗ್ತಾ ಇವರು ತಿರುಗಿ ನಿಂತು ಅಂದ್ರು. ‘ಯಾರಾದ್ರೂ ಬಾಯಿ ಬಿಟ್ರೆ ನಿಮ್ಮೆಲ್ಲರ ಬೆರಳೂ ಈ ಸರಳಿನ ಕೆಳಗೆ ಬರುತ್ತೆ.’ ಕೇಳಿದ್ದು.”

ಜಮಾದಾರನ ಮುಖ ಕೆಂಡವಾಯಿತು. ಗುಂಗುರು ಅವನತ್ತ ನೋಡಲೂ ಇಲ್ಲ. ನರ್ಸಮ್ಮನ ಕಡೆ ತಿರುಗಿದಳು.

“ತಳ್ಳುಗಾಡೀಲಿ ಆಸ್ಪತ್ರೆಗೆ ತಳ್ಕೊಂಡು ಹೋದದ್ದು ನಾವು. ದಾರೀಲಿ ಮೇಷ್ಟ್ರು ಹೇಳಿದ್ರು. ‘ನಾನೀಗ ಸುಳ್ಳು ಹೇಳ್ತೀನಿ, ನಿಮ್ಮ ಬೆರಳಿಗೋಸ್ಕರ. ನೀವು ಕಂಡದ್ದನ್ನ ಮರೀಬೇಡಿ. ವರ್ಷಕ್ಕೊಂದ್ಸಲ ಒಂದು ಕಡೆ ಸೇರಿ ಒಬ್ಬರಿಗೊಬ್ಬರು ಹೇಳ್ಕೊಳ್ಳಿ. ಒಂದಕ್ಷರ ಕೂಡಿಸ್ಬೇಡಿ, ಒಂದಕ್ಷರ ಬಿಡ್ಬೇಡಿ. ನಮ್ಮ ಮನೆ ಕಡೆ ತಲೆ ಹಾಕ್ಬೇಡಿ, ಅವನ ಕಣ್ಣು ಬೀಳುತ್ತೆ. ನಾನು ಸತ್ತ ದಿನ ಎಲ್ಲರೆದುರಿಗೆ ಹೇಳಿ.’ ಪ್ರತಿ ವರ್ಷ ಕುಳ್ಳನ ಲಾರಿ ಶೆಡ್ಡಲ್ಲಿ ಸೇರಿ ಹೇಳ್ಕೊಂಡು ಬಂದಿದ್ದೀವಿ, ಅಮ್ಮ. ದೊಡ್ಡವರಾದ್ಮೇಲೆ ನಾನು ಎರಡು ಸಲ ಶಾಲೆಗೆ ಹೋಗಿ ಅವರನ್ನ ಕೇಳ್ದೆ, ಈಗ್ಲಾದ್ರೂ ಹೇಳ್ಬಹುದಾ ಅಂತ. ಅಷ್ಟರಲ್ಲಿ ಇವರು ಶಾಲೆ ಸಮಿತಿಗೆ ಬಂದಿದ್ರು. ‘ಈಗಿರೋ ಮಕ್ಕಳಿಗೂ ಬೆರಳಿವೆ’ ಅಂದ್ರು. ನನಗೆ ಅವರ ಮೇಲೆ ಸಿಟ್ಟಿರ್ಲಿಲ್ಲ ಅಂತ ಹೇಳಲ್ಲ. ಅಷ್ಟು ವರ್ಷ ನಮ್ಮಮ್ಮ ಕಳ್ಳಿ ಅನ್ನಿಸ್ಕೊಂಡೇ ಇದ್ಲು.” ಈಗ ಅವಳ ದನಿ ಏರಿತು. “ಚಿಲಕ ಹೊರಗಡೆ ಇತ್ತು! ತಗಡು ಒಳಗಿಂದ ಹೊರಕ್ಕೆ ಉಬ್ಬಿತ್ತು! ಕಂಡದ್ದು!”

“ಮುಚ್ಚಿಸ್ರೋ ಅವಳ ಬಾಯಿ!” ಎಂದು ಜಮಾದಾರ ಕಿರುಚಿದ.

ಒಬ್ಬ ಆಳು ಮಣ್ಣಿನ ಗುಪ್ಪೆಯಿಂದ ಗುದ್ದಲಿ ಕಿತ್ತುಕೊಂಡು ಬೀಸಿದ. ಗುದ್ದಲಿಯ ಕಾವು ಗುಂಗುರಿನ ಹುಬ್ಬಿಗೆ ಬಿದ್ದು ಚರ್ಮ ಬಾಯಿಬಿಟ್ಟಿತು. ಕುಳ್ಳ ತಲೆ ತಗ್ಗಿಸಿ ಟಗರಿನ ಹಾಗೆ ಆ ಆಳಿನ ಹೊಟ್ಟೆಗೆ ನುಗ್ಗಿದ. ಇಬ್ಬರೂ ಮಣ್ಣಿನೊಂದಿಗೆ ಜಾರಿ ಗುಂಡಿಯೊಳಗೆ ಬಿದ್ದು ಅಲ್ಲೇ ಗುದ್ದಾಡಿಕೊಂಡರು. ಮೇಲೆ ಮುಷ್ಟಿ, ಕಲ್ಲು, ಸಲಿಕೆ. ಯಾರದೋ ಹಲ್ಲು ಉದುರಿತು, ಯಾರದೋ ಮೂಗಿನಿಂದ ರಕ್ತ ಬುಳಬುಳನೆ ಸುರಿಯಿತು. ಕಣ್ಣು ಮುಚ್ಚಿಕೊಂಡಿದ್ದ ದಪ್ಪಗಿನ ಹೆಂಗಸು ಈಗ ಎರಡೂ ಕಣ್ಣು ಬಿಟ್ಟುಕೊಂಡು ಒಬ್ಬ ಆಳಿನ ಬೆನ್ನಿಗೆ ಕೈಚೀಲದಿಂದ ಬಾರಿಸುತ್ತಿದ್ದಳು. ಯಾರೋ ಹಾಯ್ದು ಪೆಟ್ಟಿಗೆ ಒಂದು ಪಕ್ಕಕ್ಕೆ ವಾಲಿತು. ಮೇಷ್ಟ್ರ ಸೊಟ್ಟ ಕೈ ಹೊರಕ್ಕೆ ಜಾರಿ ಮಣ್ಣಿಗೆ ತಾಗಿತು.

ಅದನ್ನು ನೋಡಿದ ತಮ್ಮ ಅಕ್ಕನ ಸೊಂಟ ಬಿಟ್ಟುಬಿಟ್ಟ. “ಹೋಗಕ್ಕಾ,” ಎಂದ.

ಜಮಾದಾರ ಕಾರಿನ ಕಡೆ ಹಿಮ್ಮೆಟ್ಟುತ್ತಿದ್ದ. ನರ್ಸಮ್ಮ ಅಡ್ಡ ಬಂದಳು. ಅವಳನ್ನು ನೂಕಲೆಂದು ಅವನು ಬಲಗೈ ಚಾಚಿದ. ಅವಳು ಆ ಕೈಯ ತೋರುಬೆರಳನ್ನು ಹಿಡಿದಳು. ಬುಡದ ಗಿಣ್ಣಿನ ಮೇಲೆ ಹೆಬ್ಬೆರಳಿಟ್ಟಳು. ಜೀವಮಾನವೆಲ್ಲ ಇದೇ ಗಿಣ್ಣುಗಳನ್ನು ಸರಿಪಡಿಸಿದ ಕೈ. ಹಿಂದಕ್ಕೆ ಬಗ್ಗಿಸಿದಳು. ಟಕ್ ಎಂದಿತು. ಜಮಾದಾರ ಮಂಡಿಯೂರಿ ಕಟುಕನ ಮುಂದಿನ ಕುರಿಯ ಹಾಗೆ ಅರಚಿದ.

ಅವಳು ಬಗ್ಗಿ ಅವನ ಕಿವಿಯ ಹತ್ತಿರ ಹೇಳಿದಳು. “ಯಾರಾದ್ರೂ ಕೇಳಿದ್ರೆ ಏಣಿಯಿಂದ ಬಿದ್ದೆ ಅನ್ನು.”

ಪೊಲೀಸರು ಬಂದಾಗ ಯಾರೂ ಓಡಲಿಲ್ಲ. ಎಳೆಯ ಸಬ್ ಇನ್‌ಸ್ಪೆಕ್ಟರು ಏನಾಯಿತೆಂದು ಕೇಳಿದ್ದೇ ತಡ, ಎಲ್ಲರೂ ತಾವು ಎಲ್ಲಿ ನಿಂತಿದ್ದೆವು ಎಂಬುದರಿಂದಲೇ ಶುರುಮಾಡಿದರು. ನರ್ಸಮ್ಮ ತಾನಾಗಿ ಮುಂದೆ ಹೋದಳು. “ಆ ಬೆರಳು ನಾನು ಮುರಿದದ್ದು, ಬರ್ಕೊಳ್ಳಿ. ಬಲಗೈ, ತೋರುಬೆರಳು. ಬೇಕೂಂತಲೇ ಮುರಿದೆ.” ಆತ ಪೆನ್ನು ಹಿಡಿದುಕೊಂಡು ಅವಳ ಮುಖವನ್ನೇ ನೋಡಿ, ನಾಳೆ ಸ್ಟೇಷನ್ನಿಗೆ ಬನ್ನಿ ಎಂದಷ್ಟೇ ಹೇಳಿದ. ಜಮಾದಾರನನ್ನೂ ಅವನ ಆಳುಗಳನ್ನೂ ಜೀಪಿಗೆ ಹತ್ತಿಸಿದರು. ಹೊಡೆದಾಟದ ಸಾಕ್ಷಿಯೆಂದು ಗುದ್ದಲಿ, ಸಲಿಕೆಗಳನ್ನೆಲ್ಲ ಒಯ್ದರು. ಹಾಗಾಗಿ ಮೇಷ್ಟ್ರ ಗುಂಡಿಯನ್ನು ಅವರ ವಿದ್ಯಾರ್ಥಿಗಳು ಬರಿಗೈಯಲ್ಲೇ ಮುಚ್ಚಬೇಕಾಯಿತು.

*

ಸಂಜೆಯಾಗುವ ಮೊದಲೇ ಮನೆಯ ನಡುಕೋಣೆ ಆಸ್ಪತ್ರೆಯಾಗಿತ್ತು. “ಎಲ್ಲರೂ ನಡೀರಿ ಮನೆಗೆ, ಇನ್ನೇನು ಅಡ್ಡಿ?” ಎಂದು ನರ್ಸಮ್ಮನೇ ಅಟ್ಟಿಕೊಂಡು ಬಂದಿದ್ದಳು. ಇಷ್ಟು ವರ್ಷ ಆ ತರಗತಿಯ ಒಬ್ಬರೂ ಕಾಲಿಡದಿದ್ದ ಮನೆಯಲ್ಲಿ ಈಗ ನಲವತ್ತರ ಮಕ್ಕಳು ಗೋಡೆಗೊರಗಿ, ಬಾಗಿಲಿಗೊರಗಿ, ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಕೂತಿದ್ದರು. ನೆಲದ ತುಂಬ ಮಣ್ಣು, ರಕ್ತ, ಹತ್ತಿ. ತಮ್ಮ ಅಡುಗೆಮನೆಯಿಂದ ಬಿಸಿನೀರು ತಂದು ತಂದು ಸುಸ್ತಾಗಿದ್ದ.

ಗುಂಗುರಿನ ಹುಬ್ಬಿಗೆ ಹೊಲಿಗೆ ಬೇಕಿತ್ತು. ನರ್ಸಮ್ಮ ಅವಳನ್ನು ಮೇಷ್ಟ್ರ ಕುರ್ಚಿಯಲ್ಲಿ ಕೂರಿಸಿ, ದೀಪ ಹತ್ತಿರ ಎಳೆದು, ಸೂಜಿಗೆ ದಾರ ಪೋಣಿಸಿದಳು.

“ಅಲ್ಲಾಡಬೇಡ. ಉರಿಯುತ್ತೆ.”

“ಉರೀಲಿ.”

ಮೊದಲ ಹೊಲಿಗೆ ಹಾಕಿದಳು. ಎರಡನೆಯದು ಹಾಕಿದಳು. ಹುಡುಗಿ ಹಲ್ಲು ಕಚ್ಚಿಕೊಂಡಳು. ನರ್ಸಮ್ಮನಿಗೆ ಹರಿದ ಟವೆಲ್ಲಿನ ನೆನಪಾಯಿತು.

“ಹೇಡಿ ಅಂದಿದ್ದೆ ಅವರನ್ನ,” ಎಂದಳು. “ನೀವೂ ಹಾಗೇ ಅಂದ್ಕೊಂಡಿದ್ದೀರಿ ಅಂತ ಇದ್ದೆ. ನನಗ್ಯಾಕೆ ಹೇಳ್ಲಿಲ್ಲ ಅವರು?”

“ಹೇಳಿದ್ರೆ ನೀವು ಆ ಕ್ಷಣವೇ ಎದ್ದು ಅವನ ಮನೆ ಬಾಗಿಲಿಗೆ ಹೋಗ್ತಿದ್ರಿ,” ಎಂದ ಕುಳ್ಳ, ಊದಿದ ತುಟಿಯಲ್ಲೇ.

ಅದು ನಿಜವಾಗಿತ್ತು. ನರ್ಸಮ್ಮ ಮೂರನೆಯ ಹೊಲಿಗೆ ಹಾಕುತ್ತಾ ಕೇಳಿದಳು. “ಏಟು ಬಿದ್ದಾಗ ಅವರು ಕೂಗಿದ್ರಾ? ನನ್ನ ಮುಂದೆ ಕೂಗ್ಲಿಲ್ಲ.”

ಕೋಣೆಯಲ್ಲಿದ್ದವರೆಲ್ಲ ಗುಂಗುರಿನ ಕಡೆ ನೋಡಿದರು.

“ಅದನ್ನ ಹೇಳ್ಬಾರ್ದು ಅಂದಿದ್ರು,” ಎಂದಳು ಗುಂಗುರು. “ನಿಮಗೆ ಗೊತ್ತಾದ್ರೆ ಸಂಕಟಪಡ್ತೀರಿ ಅಂತ. ನಾವು ಎಲ್ಲರೆದುರಿಗೆ ಹೇಳೋದ್ರಲ್ಲಿ ಅದೊಂದನ್ನ ಬಿಡಿಸಿದ್ರು.”

“ಹೇಳು.”

“ಮೊದಲ್ನೇ ಏಟಿಗೆ ಸುಮ್ನಿದ್ರು. ಎರಡ್ನೇದಕ್ಕೆ ಒಂದು ಹೆಸರು ಕೂಗಿದ್ರು. ಮೂರ್ನೇದಕ್ಕೂ ಅದೇ ಹೆಸರು. ಅದು ಯಾರದು ಅಂತ ನಮಗೆ ಗೊತ್ತಿರ್ಲಿಲ್ಲ. ಆಸ್ಪತ್ರೇಲಿ ನಿಮ್ಮ ಎದೆ ಮೇಲಿದ್ದ ಹೆಸರಿನ ಬಿಲ್ಲೆ ಓದಿದ್ಮೇಲೆ ಗೊತ್ತಾಯ್ತು.”

ನರ್ಸಮ್ಮನ ಕೈ ನಿಂತಿತು. ಊರಿಗೆ ಅವಳು ನರ್ಸಮ್ಮ, ತಮ್ಮನಿಗೆ ಅಕ್ಕ. ಮೇಷ್ಟ್ರು ಮದುವೆಯಾದ ದಿನದಿಂದ ನಿನ್ನೆಯವರೆಗೂ “ಇವಳೇ, ಇಲ್ಲಿ ಬಾ” ಎಂದಿದ್ದರೇ ಹೊರತು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. ಆ ಹೆಸರು ಅವರ ಬಾಯಲ್ಲಿ ಹೇಗೆ ಕೇಳಿಸುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

“ನೀನೊಬ್ಬಳೇ ಹೇಳಿದ್ರೆ ನಾನು ನಂಬಲ್ಲ,” ಎಂದಳು. ಸೂಜಿಯನ್ನು ಬಿಟ್ಟು ಕೋಣೆಯ ಕಡೆ ತಿರುಗಿದಳು. “ಇನ್ಯಾರು ಕೇಳಿಸ್ಕೊಂಡ್ರಿ?”

ಮೊದಲು ಮೇಲೆದ್ದದ್ದು ಆವತ್ತು ಕಣ್ಣು ಮುಚ್ಚಿಕೊಂಡಿದ್ದವಳ ಕೈ. ಆಮೇಲೆ ಕುಳ್ಳನದು, ಸುತ್ತಿ ಮುಗಿಯದ ಪಟ್ಟಿಯ ತುದಿ ನೇತಾಡುತ್ತಾ. ಆಮೇಲೆ ಗೋಡೆಯ ಬದಿಯವರು, ಬಾಗಿಲ ಬಳಿಯವರು. ಮಣ್ಣು ಮೆತ್ತಿದ, ಉಗುರು ಕಿತ್ತ, ಗಿಣ್ಣು ಊದಿದ ಕೈಗಳು ಒಂದೊಂದಾಗಿ ಮೇಲೆದ್ದವು. ಬಲಗೈ ಎತ್ತಲಾಗದವನೊಬ್ಬ ಎಡಗೈ ಎತ್ತಿದ. ಕುರ್ಚಿಯಲ್ಲಿ ಗುಂಗುರು ಕದಲದೆ ಕೂತಿದ್ದಳು. ಅವಳ ಹುಬ್ಬಿನಿಂದ ಇಳಿಬಿದ್ದ ದಾರದ ತುದಿಯಲ್ಲಿ ಸೂಜಿ ಇನ್ನೂ ತೂಗುತ್ತಿತ್ತು.